ನಾವು ಓದದ ಅಂಬೇಡ್ಕರ್: ನಿಪ್ಪಾಣಿಯಿಂದ ಕಾರ್ಖಾನೆ ಕಾಯ್ದೆಯವರೆಗೆ

ಏಪ್ರಿಲ್ 14 ಬಂತೆಂದರೆ ನಮ್ಮ ಕಾಲೇಜುಗಳಲ್ಲಿ ಏನು ನಡೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ವೇದಿಕೆಯ ಮೇಲೆ ನೀಲಿ ಕೋಟಿನ ಫೋಟೋ, ಅದಕ್ಕೊಂದು ಹಾರ, ಸಂವಿಧಾನದ ಬಗ್ಗೆ ಒಂದೆರಡು ಭಾಷಣ, ಕೊನೆಗೆ ಒಂದು ಗ್ರೂಪ್ ಫೋಟೋ. ಅಷ್ಟಾದ ಮೇಲೆ ನಾವು ಲ್ಯಾಬಿಗೆ ಹೋಗುತ್ತೇವೆ, ಅಂಬೇಡ್ಕರರು ಗೋಡೆಗೆ ವಾಪಸ್ ಹೋಗುತ್ತಾರೆ.

ನಿಜ ಹೇಳಬೇಕೆಂದರೆ ಅವರಿಗೂ ನಮ್ಮ ಲ್ಯಾಬಿಗೂ ಸಂಬಂಧವಿದೆ. ನಾಳೆ ನಾವು ಕೆಲಸಕ್ಕೆ ಸೇರುವ ಕಾರ್ಖಾನೆಯಲ್ಲಿ ದಿನಕ್ಕೆ ಎಷ್ಟು ಗಂಟೆ ದುಡಿಯಬೇಕು, ಹೆಚ್ಚು ಹೊತ್ತು ದುಡಿದರೆ ಎಷ್ಟು ಕೂಲಿ, ಧೂಳು ಕುಡಿದು ಕಾಯಿಲೆ ಬಿದ್ದರೆ ಆಸ್ಪತ್ರೆ ಖರ್ಚು ಯಾರದು ಎಂಬ ಪ್ರಶ್ನೆಗಳ ಮೇಲೆ ಅವರು ನಾಲ್ಕು ವರ್ಷ ಸರ್ಕಾರದೊಳಗೆ ಕೂತು ಕೆಲಸ ಮಾಡಿದರು. ಅದಕ್ಕೂ ಮೊದಲು ಹೊರಗೆ ನಿಂತು ಹೋರಾಡಿದರು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆಯವರಾದ ನಮಗಂತೂ ಇನ್ನೊಂದು ನಂಟಿದೆ. ಅವರು ನಮ್ಮ ನಿಪ್ಪಾಣಿಗೆ ಬಂದಿದ್ದರು. ಅದು ಸಂವಿಧಾನಕ್ಕಿಂತ ಇಪ್ಪತ್ತೈದು ವರ್ಷ ಹಿಂದಿನ ಮಾತು.

ಗಿರಣಿಯ ನೆರಳಿನಲ್ಲಿ

ಭೀಮರಾವ್ ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಧ್ಯಭಾರತದ ಮಹೂ ದಂಡು ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲ ಸೈನ್ಯದಲ್ಲಿ ಸುಬೇದಾರರು. ನಿವೃತ್ತಿಯ ನಂತರ ಕುಟುಂಬ ಸಾತಾರಾಕ್ಕೆ ಬಂತು. ತಾಯಿ ಭೀಮಾಬಾಯಿ ಮಗ ಚಿಕ್ಕವನಿರುವಾಗಲೇ ತೀರಿಕೊಂಡರು. ಬರಗಾಲದಲ್ಲಿ ಜನರಿಗೆ ಕೆಲಸ ಕೊಡಲು ಸರ್ಕಾರ ಕೋರೆಗಾಂವದಲ್ಲಿ ಕೆರೆ ಕಟ್ಟಿಸುತ್ತಿತ್ತು. ರಾಮಜಿ ಅಲ್ಲಿ ಕ್ಯಾಷಿಯರ್ ಆಗಿದ್ದರು. 1901ರಲ್ಲಿ ಅಪ್ಪನನ್ನು ನೋಡಲು ಹೊರಟ ಮಕ್ಕಳು ಮಸೂರ್ ಸ್ಟೇಷನ್ನಿನಲ್ಲಿ ಇಳಿದರೆ, ಅವರು ಯಾವ ಜಾತಿಯವರೆಂದು ತಿಳಿದ ಮೇಲೆ ಯಾವ ಗಾಡಿಯವನೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಒಬ್ಬ ದುಪ್ಪಟ್ಟು ಬಾಡಿಗೆಗೆ ಒಪ್ಪಿದ, ಆದರೆ ಗಾಡಿ ಮಕ್ಕಳೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಶರತ್ತು. ರಾತ್ರಿಯಿಡೀ ಕುಡಿಯಲು ನೀರು ಸಿಗಲಿಲ್ಲ. ಈ ಪ್ರಯಾಣವನ್ನು ಅಂಬೇಡ್ಕರರು ಜೀವನಪೂರ್ತಿ ಮರೆಯಲಿಲ್ಲ.

ಮುಂದೆ ಕುಟುಂಬ ಮುಂಬೈಗೆ ಬಂದು ಪರೇಲ್ ಭಾಗದ ಚಾಳಿನಲ್ಲಿ ನೆಲೆಸಿತು. ಪರೇಲ್ ಅಂದರೆ ಹತ್ತಿ ಗಿರಣಿಗಳ ಊರು. ಸುತ್ತಲೂ ಇದ್ದವರು ಪಾಳಿ ಲೆಕ್ಕದಲ್ಲಿ ದುಡಿಯುವ ಜನ. ಭೀಮರಾವ್ ಎಲ್ಫಿನ್‌ಸ್ಟನ್ ಹೈಸ್ಕೂಲಿನಿಂದ 1907ರಲ್ಲಿ ಮೆಟ್ರಿಕ್, 1912ರಲ್ಲಿ ಬಿ.ಎ. ಮುಗಿಸಿದರು. ಬರೋಡಾ ಮಹಾರಾಜ ಸಯಾಜಿರಾವ್ ಗಾಯಕವಾಡರ ವಿದ್ಯಾರ್ಥಿವೇತನದಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ಲಂಡನ್ನಿಗೆ. ಹಣ ಮುಗಿದು 1917ರಲ್ಲಿ ವಾಪಸ್ ಬಂದು ಬರೋಡಾದಲ್ಲಿ ಕೆಲಸಕ್ಕೆ ಸೇರಿದರೆ ತಂಗಲು ಒಂದು ಕೋಣೆ ಕೊಡುವವರಿರಲಿಲ್ಲ. ಮುಂಬೈಯ ಸಿಡ್ನಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿ ದುಡ್ಡು ಉಳಿಸಿ 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್ಸಿ. ಪದವಿ, ಜೊತೆಗೆ ಬ್ಯಾರಿಸ್ಟರ್ ಅರ್ಹತೆ ಪಡೆದು ತಿರುಗಿ ಬಂದರು.

ಅವರು ಲಂಡನ್ನಿನ ಗ್ರಂಥಾಲಯಗಳಲ್ಲಿ ರೂಪಾಯಿಯ ಸಮಸ್ಯೆ ಕುರಿತು ಪ್ರಬಂಧ ಬರೆಯುತ್ತಿದ್ದ ಅದೇ ವರ್ಷಗಳಲ್ಲಿ, ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ ನೆಲ್ಲಿ ಕೆರ್ಶಾ ಎಂಬ ಹೆಣ್ಣುಮಗಳು ಕಲ್ನಾರು, ಅಂದರೆ ಅಸ್ಬೆಸ್ಟಾಸ್, ನೂಲುವ ಕಾರ್ಖಾನೆಯಲ್ಲಿ ದುಡಿದು ಉಸಿರಾಡಲಾಗದ ಸ್ಥಿತಿಗೆ ಬಂದಿದ್ದಳು. ಇಬ್ಬರಿಗೂ ಪರಸ್ಪರ ಪರಿಚಯವಿಲ್ಲ, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಕ್ಕೂ ಇಲ್ಲ. ಆದರೂ ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ನಮಗೆ ಬೇಕಾಗುತ್ತದೆ.

ನಿಪ್ಪಾಣಿ, ಏಪ್ರಿಲ್ 1925

ನಮ್ಮ ಗಡಿಭಾಗಕ್ಕೆ ಅಂಬೇಡ್ಕರರ ನಂಟು ಬೆಳೆದದ್ದು ಕೊಲ್ಲಾಪುರದ ಶಾಹು ಮಹಾರಾಜರ ಮೂಲಕ. 1920ರ ಮಾರ್ಚ್‌ನಲ್ಲಿ ಕೊಲ್ಲಾಪುರ ಸಂಸ್ಥಾನದ ಮಾಣಗಾಂವದಲ್ಲಿ ನಡೆದ ಪರಿಷತ್ತಿಗೆ ಅವರೇ ಅಧ್ಯಕ್ಷರು. ಶಾಹು ಮಹಾರಾಜರು ಖುದ್ದಾಗಿ ಬಂದು ಈ ಯುವಕನನ್ನು ಜನರ ಮುಂದೆ ನಿಲ್ಲಿಸಿದ್ದರು. 1924ರ ಜುಲೈನಲ್ಲಿ ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಶುರುವಾಯಿತು. ಮರು ವರ್ಷದ ಏಪ್ರಿಲ್‌ನಲ್ಲಿ ನಿಪ್ಪಾಣಿಯಲ್ಲಿ ಮುಂಬೈ ಪ್ರಾಂತ್ಯದ ಬಹಿಷ್ಕೃತರ ಪರಿಷತ್ತು ಸೇರಿತು; ಅಧ್ಯಕ್ಷತೆ ಅಂಬೇಡ್ಕರರದು.

ಆಗ ನಮ್ಮ ಬೆಳಗಾವಿ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿತ್ತು. ಕೇವಲ ನಾಲ್ಕು ತಿಂಗಳ ಹಿಂದೆ, 1924ರ ಡಿಸೆಂಬರ್‌ನಲ್ಲಿ, ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆದಿತ್ತು. ಖಾದಿ ಮತ್ತು ಹಿಂದೂ-ಮುಸ್ಲಿಂ ಏಕತೆಗೆ ಗಾಂಧೀಜಿ ಕೊಟ್ಟಷ್ಟು ಒತ್ತನ್ನು ಅಸ್ಪೃಶ್ಯತೆ ನಿವಾರಣೆಗೆ ಕೊಟ್ಟಿಲ್ಲ ಎಂಬ ಅಸಮಾಧಾನವನ್ನು ಅಂಬೇಡ್ಕರರು ನಮ್ಮ ಜಿಲ್ಲೆಯಲ್ಲೇ ಬಿಚ್ಚಿಟ್ಟರು. ಹಾಗಂತ, ಯಾರೂ ಹತ್ತಿರ ಸುಳಿಯದ ಹೊತ್ತಿನಲ್ಲಿ ಗಾಂಧೀಜಿ ತೋರಿದ ಸಹಾನುಭೂತಿ ಸಣ್ಣದಲ್ಲ ಎಂದೂ ಒಪ್ಪಿಕೊಂಡರು. ಅವರ ನಿಲುವು ಇಷ್ಟೇ: ಕನಿಕರ ಇರಲಿ, ಆದರೆ ಹಕ್ಕು ಕನಿಕರದ ಮೇಲೆ ನಿಲ್ಲಬಾರದು. ಮುಂದೆ ಕಾರ್ಮಿಕರ ವಿಷಯದಲ್ಲೂ ಅವರು ಹಿಡಿದದ್ದು ಇದೇ ದಾರಿ.

ನಿಪ್ಪಾಣಿ ಅಂದರೆ ತಂಬಾಕು. ತಂಬಾಕಿನ ವಖಾರಿಯೊಳಗೆ ಕಾಲಿಟ್ಟವರಿಗೆ ಗೊತ್ತು, ಒಳಗಿನ ಗಾಳಿಯೇ ಬೇರೆ. ಒಣಗಿದ ಎಲೆ ಬಡಿದು, ಜರಡಿ ಹಿಡಿದು, ಚೀಲ ತುಂಬುವಾಗ ಏಳುವ ಧೂಳು ಕಣ್ಣು, ಮೂಗು, ಗಂಟಲು ಬಿಡುವುದಿಲ್ಲ. ಹೊಸಬರು ಐದು ನಿಮಿಷಕ್ಕೆ ಸೀನುತ್ತ ಹೊರಗೆ ಬರುತ್ತಾರೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳು ಸೆರಗು ಮೂಗಿಗೆ ಕಟ್ಟಿಕೊಂಡು ಸಂಜೆಯವರೆಗೆ ಇರುತ್ತಾರೆ. ಆ ಸೆರಗೇ ಅವರ ಸುರಕ್ಷಾ ಸಾಧನ.

ನಿಪ್ಪಾಣಿಯಿಂದ ಅಂಬೇಡ್ಕರರಿಗೆ ಒಳ್ಳೆಯ ಸಹಚರರೂ ಸಿಕ್ಕರು. ನಿಪ್ಪಾಣಿಯ ಬಲವಂತರಾವ್ ವರಾಳೆಯವರು ಅವರಲ್ಲಿ ಮುಖ್ಯರು. ಅಂಬೇಡ್ಕರರು 1929ರಲ್ಲಿ ಧಾರವಾಡದಲ್ಲಿ ಆರಂಭಿಸಿದ ವಿದ್ಯಾರ್ಥಿನಿಲಯವನ್ನು ನೋಡಿಕೊಂಡವರು ಅವರೇ.

ಬಾಯಿಂದ ಎಳೆಯುವ ನೂಲು

ಅಂಬೇಡ್ಕರರನ್ನು ಕಾರ್ಮಿಕ ಪ್ರಶ್ನೆಗೆ ಎಳೆದದ್ದು ಪುಸ್ತಕಕ್ಕಿಂತ ಹೆಚ್ಚಾಗಿ ಪರೇಲ್. ಮುಂಬೈ ಗಿರಣಿಗಳಲ್ಲಿ ಒಳ್ಳೆಯ ಕೂಲಿ ಇದ್ದದ್ದು ನೇಯ್ಗೆ ವಿಭಾಗದಲ್ಲಿ. ಅಲ್ಲಿಗೆ ದಲಿತರಿಗೆ ಪ್ರವೇಶವಿರಲಿಲ್ಲ. ಕಾರಣ ಕೇಳಿದರೆ ಮೆಕ್ಯಾನಿಕಲ್ ಓದುವವರಿಗೆ ಆಶ್ಚರ್ಯವಾದೀತು: ನೂಲಿನ ಉಂಡೆ ಮುಗಿದಾಗ ಹೊಸ ಎಳೆಯನ್ನು ಲಾಳಿಯ ತೂತಿನಿಂದ ಬಾಯಿ ಹಚ್ಚಿ ಎಳೆಯಬೇಕಿತ್ತು. ಒಂದೇ ಲಾಳಿ ಹಲವರ ಬಾಯಿಗೆ ಹೋಗುವುದರಿಂದ ಮೈಲಿಗೆಯ ಪ್ರಶ್ನೆ ಬಂತು.

ಇದರಲ್ಲಿ ಎರಡು ಅನ್ಯಾಯಗಳಿದ್ದವು. ಒಂದು, ಜಾತಿಯ ಹೆಸರಿನಲ್ಲಿ ಕೆಲಸ ತಪ್ಪಿಸುವುದು. ಎರಡು, ಬಾಯಿಂದ ಎಳೆದಾಗ ನೂಲಿನ ಜೊತೆ ಹತ್ತಿಯ ಧೂಳು, ಇನ್ನೊಬ್ಬರ ರೋಗ ಎಲ್ಲ ಒಳಗೆ ಹೋಗುತ್ತದೆ ಎಂಬುದು ಯಾರ ತಲೆಗೂ ಬರದೇ ಇದ್ದದ್ದು. ಬಾಯಿ ಹಚ್ಚದೆ ಎಳೆ ಹಾಕುವ ಲಾಳಿ ಬಳಸಿದ್ದರೆ ಎರಡೂ ತೊಂದರೆ ಹಗುರಾಗುತ್ತಿದ್ದವು. ವಿನ್ಯಾಸ ಅಂದರೆ ಬರೀ ಡ್ರಾಯಿಂಗ್ ಶೀಟಲ್ಲ. ಅದು ಯಾರ ಬಾಯಿಗೆ, ಯಾರ ಶ್ವಾಸಕ್ಕೆ ಏನು ಹೋಗಬೇಕು ಎಂಬುದನ್ನೂ ನಿರ್ಧರಿಸುತ್ತದೆ. 1928ರ ದೊಡ್ಡ ಗಿರಣಿ ಮುಷ್ಕರದ ಸಮಯದಲ್ಲಿ ನೇಯ್ಗೆ ವಿಭಾಗದ ಬಾಗಿಲು ತೆರೆಯಲೇಬೇಕು ಎಂದು ಅಂಬೇಡ್ಕರರು ಕಾರ್ಮಿಕ ಸಂಘಗಳ ಮುಂದೆ ಪಟ್ಟು ಹಿಡಿದರು. ಮಾಲೀಕರ ವಿರುದ್ಧ ಒಗ್ಗಟ್ಟು ಬೇಕೆಂದರೆ ಮೊದಲು ಕಾರ್ಮಿಕರೊಳಗಿನ ಗೋಡೆ ಬೀಳಬೇಕು ಎಂಬುದು ಅವರ ವಾದ.

ಅದೇ ವರ್ಷ ಮುಂಬೈ ವಿಧಾನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಬಂತು. ಅಂಬೇಡ್ಕರರು ಅದಕ್ಕೆ ಬೆಂಬಲವಾಗಿ ನಿಂತರು. ತಾಯಿಗೆ ವಿಶ್ರಾಂತಿ ಸಿಗುವುದು ಇಡೀ ನಾಡಿಗೆ ಒಳ್ಳೆಯದು, ಆದ್ದರಿಂದ ಸರ್ಕಾರ ಭಾರ ಹೊರಬೇಕು. ಆದರೆ ಆ ಹೆಣ್ಣಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಒಂದಿಷ್ಟು ಹೊಣೆ ಹೊರಲೇಬೇಕು ಎಂಬುದು ಅವರ ಲೆಕ್ಕ. 1929ರಲ್ಲಿ ಅದು ಕಾನೂನಾಯಿತು.

1936ರಲ್ಲಿ ಅವರು ಸ್ವತಂತ್ರ ಕಾರ್ಮಿಕ ಪಕ್ಷ ಕಟ್ಟಿದರು. 1938ರಲ್ಲಿ ಮುಂಬೈ ಸರ್ಕಾರ ಮುಷ್ಕರಕ್ಕೆ ಮೂಗುದಾರ ಹಾಕುವ ಕೈಗಾರಿಕಾ ವಿವಾದ ಮಸೂದೆ ತಂದಾಗ, ಇಷ್ಟವಿಲ್ಲದವನನ್ನು ಜೈಲಿನ ಹೆದರಿಕೆ ಹಾಕಿ ದುಡಿಸುವುದಕ್ಕೂ ಗುಲಾಮಗಿರಿಗೂ ವ್ಯತ್ಯಾಸವೇನು ಎಂದು ಸಭೆಯಲ್ಲಿ ವಾದಿಸಿದರು. ನವೆಂಬರ್ 7ರಂದು ಕಮ್ಯುನಿಸ್ಟರ ಜೊತೆ ಸೇರಿ ಒಂದು ದಿನದ ಮುಷ್ಕರ ನಡೆಸಿದರು. ಮಸೂದೆ ಮಾತ್ರ ಪಾಸಾಗಿಯೇ ಬಿಟ್ಟಿತು.

ಕಾರ್ಮಿಕ ಇಲಾಖೆಯ ನಾಲ್ಕು ವರ್ಷ

1942ರ ಜುಲೈನಲ್ಲಿ ಅಂಬೇಡ್ಕರರು ವೈಸ್‌ರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರಾದರು. ಇವತ್ತಿನ ಭಾಷೆಯಲ್ಲಿ ಕೇಂದ್ರ ಕಾರ್ಮಿಕ ಮಂತ್ರಿ ಅನ್ನಿ. 1946ರ ಜೂನ್‌ವರೆಗೆ ಆ ಜಾಗದಲ್ಲಿದ್ದರು. ಈ ಇಲಾಖೆಗೆ ನೀರಾವರಿ, ವಿದ್ಯುತ್ತು ಕೂಡ ಸೇರಿದ್ದವು. ದಾಮೋದರ ಕಣಿವೆ ಯೋಜನೆಗೆ ಅಡಿಪಾಯ ಬಿದ್ದದ್ದು, 1945ರಲ್ಲಿ ಕೇಂದ್ರ ಜಲಮಾರ್ಗ ಮತ್ತು ನೀರಾವರಿ ಆಯೋಗ ಹುಟ್ಟಿದ್ದು ಅವರ ಕಾಲದಲ್ಲೇ. ಸಿವಿಲ್, ಎಲೆಕ್ಟ್ರಿಕಲ್ ಗೆಳೆಯರು ಇದನ್ನು ಗಮನಿಸಬೇಕು.

ವಾಟ್ಸಾಪ್‌ನಲ್ಲಿ ಪ್ರತಿ ವರ್ಷ ಒಂದು ಫಾರ್ವರ್ಡ್ ಬರುತ್ತದೆ: ಅಂಬೇಡ್ಕರರು ಕೆಲಸದ ಅವಧಿಯನ್ನು 14 ಗಂಟೆಯಿಂದ 8 ಗಂಟೆಗೆ ಇಳಿಸಿದರು ಅಂತ. ಅಭಿಮಾನ ಸರಿ, ಲೆಕ್ಕ ಸರಿಯಿಲ್ಲ. 1934ರ ಕಾರ್ಖಾನೆ ಕಾಯ್ದೆಯಲ್ಲೇ ವಾರಕ್ಕೆ 54 ಗಂಟೆ, ದಿನಕ್ಕೆ 10 ಗಂಟೆ ಎಂಬ ಮಿತಿ ಇತ್ತು. ಅಂಬೇಡ್ಕರರು 1946ರಲ್ಲಿ ತಂದ ತಿದ್ದುಪಡಿ ಅದನ್ನು ವಾರಕ್ಕೆ 48 ಗಂಟೆ, ದಿನಕ್ಕೆ 9 ಗಂಟೆಗೆ ಇಳಿಸಿತು. ಹೆಚ್ಚುವರಿ ದುಡಿಮೆಗೆ ಎರಡು ಪಟ್ಟು ಕೂಲಿ ಗೊತ್ತು ಮಾಡಿತು. ಹಂಗಾಮಿ ಕಾರ್ಖಾನೆಗಳಲ್ಲಿ ವಾರದ 60 ಗಂಟೆ 50ಕ್ಕೆ ಇಳಿಯಿತು. ಹಂಗಾಮಿ ಅಂದರೆ ಸಕ್ಕರೆ ಕಾರ್ಖಾನೆಯಂಥವು. ಕಾಗವಾಡ ಕಡೆಯ ಉಗಾರದಲ್ಲಿ 1939ರಲ್ಲೇ ಸಕ್ಕರೆ ಕಾರ್ಖಾನೆ ಸ್ಥಾಪನೆಯಾಗಿತ್ತು. ಕಬ್ಬು ನುರಿಸುವ ಹಂಗಾಮು ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. 1945ರ ಇನ್ನೊಂದು ತಿದ್ದುಪಡಿ ವರ್ಷಕ್ಕೆ ಹತ್ತು ದಿನ ಸಂಬಳಸಹಿತ ರಜೆ ಕೊಟ್ಟಿತು. ವಾರಕ್ಕೆ ಆರು ಗಂಟೆ ಕಡಿಮೆಯಾದದ್ದು ಫಾರ್ವರ್ಡ್‌ನಷ್ಟು ರೋಚಕವಲ್ಲ. ಆದರೆ ವರ್ಷಕ್ಕೆ ಲೆಕ್ಕ ಹಾಕಿ ನೋಡಿ, ಮುನ್ನೂರು ಗಂಟೆ ಆಗುತ್ತದೆ.

1943ರಲ್ಲಿ ಬಿ.ಪಿ. ಆಡಾರ್ಕರ್ ಅವರನ್ನು ಕಾರ್ಮಿಕರ ಆರೋಗ್ಯ ವಿಮೆಯ ಯೋಜನೆ ಸಿದ್ಧಪಡಿಸಲು ನೇಮಿಸಲಾಯಿತು. 1944ರಲ್ಲಿ ವರದಿ ಬಂತು. 1948ರ ಇಎಸ್‌ಐ ಕಾಯ್ದೆಗೆ ಅದೇ ಬೇರು. 1944ರಲ್ಲಿ ಡಿ.ವಿ. ರೇಗೆ ಅವರ ನೇತೃತ್ವದ ಕಾರ್ಮಿಕ ತನಿಖಾ ಸಮಿತಿ ಹೊರಟಿತು. ಅದು ನೋಡಿದ ಉದ್ಯಮಗಳ ಪಟ್ಟಿಯಲ್ಲಿ ಬೀಡಿ, ಚುಟ್ಟಾ, ಸಿಗರೇಟು ಕೂಡ ಇದ್ದವು. ಕನಿಷ್ಠ ಕೂಲಿಯ ಮಸೂದೆಯನ್ನು 1946ರ ಏಪ್ರಿಲ್‌ನಲ್ಲಿ ಅಂಬೇಡ್ಕರರು ಮಂಡಿಸಿದರು. ಅದು 1948ರಲ್ಲಿ ಕಾಯ್ದೆಯಾದಾಗ, ಬೀಡಿ ಸೇರಿದಂತೆ ತಂಬಾಕಿನ ಕೆಲಸ ಅದರ ಮೊದಲ ಪಟ್ಟಿಯಲ್ಲೇ ಇತ್ತು. ನಿಪ್ಪಾಣಿಯ ವಖಾರಿಗೆ ದೆಹಲಿಯಿಂದ ಹೀಗೊಂದು ದಾರಿ ತೆರೆಯಿತು.

ತಪ್ಪಿದ ಹೆಜ್ಜೆ

ಇಲ್ಲಿಯವರೆಗೆ ಓದಿದರೆ ಎಲ್ಲವೂ ಗೆಲುವಿನ ಪಟ್ಟಿಯಂತೆ ಕಾಣುತ್ತದೆ. ಹಾಗಿರಲಿಲ್ಲ. ಯುದ್ಧಕಾಲದಲ್ಲಿ ಕಲ್ಲಿದ್ದಲಿನ ಅಭಾವ ಜೋರಾಯಿತು. ಹೆಂಗಸರನ್ನು ಗಣಿಯೊಳಗೆ ಇಳಿಸಬಾರದೆಂಬ ನಿಷೇಧ ಯುದ್ಧಕ್ಕೂ ಮೊದಲೇ ಜಾರಿಯಲ್ಲಿತ್ತು. 1943ರಲ್ಲಿ ಸರ್ಕಾರ ಅದನ್ನು ಸಡಿಲಿಸಿತು. ಇಲಾಖೆ ಅಂಬೇಡ್ಕರರದೇ. ಹೆರಿಗೆ ಸೌಲಭ್ಯಕ್ಕಾಗಿ ವಾದಿಸಿದ್ದ ಅದೇ ಮನುಷ್ಯ, ಹೆಣ್ಣುಮಕ್ಕಳು ನೆಲದಡಿ ಇಳಿಯುವುದನ್ನು ಕೇಂದ್ರ ಸಭೆಯಲ್ಲಿ ಸಮರ್ಥಿಸಿಕೊಳ್ಳಬೇಕಾಯಿತು. ಇದು ತುರ್ತು ಸ್ಥಿತಿ, ತಾತ್ಕಾಲಿಕ ಕ್ರಮ, ಗಂಡಸರಷ್ಟೇ ಕೂಲಿ ಕೊಡಿಸುತ್ತೇವೆ ಎಂಬುದು ಅವರ ಸಮರ್ಥನೆ. ಟೀಕೆ ದೇಶದ ಒಳಗೂ ಹೊರಗೂ ಬಂತು.

1943ರ ಡಿಸೆಂಬರ್‌ನಲ್ಲಿ ಅವರು ಧನಬಾದ್ ಕಡೆಯ ಕಲ್ಲಿದ್ದಲು ಪ್ರದೇಶಕ್ಕೆ ಹೋದರು. ಗಣಿಯೊಳಗೆ ತಾವೇ ಇಳಿದು ನೋಡಿದರು, ಕಾರ್ಮಿಕರ ಮನೆಗಳನ್ನೂ ನೋಡಿದರು. 1944ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಕಲ್ಯಾಣ ನಿಧಿ ಬಂತು: ಹೊರಹೋಗುವ ಕಲ್ಲಿದ್ದಲಿನ ಮೇಲೆ ಸುಂಕ, ಆ ಹಣದಿಂದ ಆಸ್ಪತ್ರೆ, ಮನೆ, ಕುಡಿಯುವ ನೀರು. 1946ರ ಫೆಬ್ರುವರಿ 1ರಿಂದ ಹೆಂಗಸರ ಮೇಲಿನ ನಿಷೇಧ ಮತ್ತೆ ಜಾರಿಯಾಯಿತು.

ಈ ಮಧ್ಯದ ಎರಡೂವರೆ ವರ್ಷ ಗಣಿಗೆ ಇಳಿದ ಹೆಣ್ಣುಮಕ್ಕಳ ಲೆಕ್ಕ ಯಾವ ನಿಧಿಯಿಂದಲೂ ತೀರುವುದಿಲ್ಲ. ನಾವು ಇದನ್ನು ಮುಚ್ಚಿಡದೆ ಬರೆಯಲು ಕಾರಣವಿದೆ. ಉತ್ಪಾದನೆಯ ಒತ್ತಡ ಬಂದಾಗ ಸುರಕ್ಷೆಯ ನಿಯಮವೇ ಮೊದಲು ಸಡಿಲವಾಗುತ್ತದೆ. ಅಂಬೇಡ್ಕರರಂಥವರ ಇಲಾಖೆಯಲ್ಲೇ ಅದು ಆಯಿತೆಂದರೆ, ಡೆಡ್‌ಲೈನ್ ಮುಂದಿಟ್ಟುಕೊಂಡ ಒಬ್ಬ ಶಿಫ್ಟ್ ಎಂಜಿನಿಯರ್ ಎಷ್ಟು ಎಚ್ಚರವಿರಬೇಕು, ನೀವೇ ಯೋಚಿಸಿ.

ಸಂವಿಧಾನದೊಳಗಿನ ಕಾರ್ಮಿಕ

1947ರ ಆಗಸ್ಟ್ 29ರಂದು ಕರಡು ಸಮಿತಿ ರಚನೆಯಾಗಿ ಅಂಬೇಡ್ಕರರು ಅಧ್ಯಕ್ಷರಾದರು. ಮುಂದಿನ ಕಥೆ ನಮಗೆ ಗೊತ್ತು. ಗೊತ್ತಿಲ್ಲದ್ದು ಕೆಲವು ಅನುಚ್ಛೇದಗಳು. 24ನೆಯದು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಿಂದ ದೂರ ಇಡುತ್ತದೆ. 39(ಇ) ಕಾರ್ಮಿಕರ ಆರೋಗ್ಯ, ಶಕ್ತಿ ದುರುಪಯೋಗವಾಗಬಾರದು ಎನ್ನುತ್ತದೆ. 42ನೆಯದು ಮಾನವೀಯವಾದ ಕೆಲಸದ ಸ್ಥಿತಿಗತಿ ಮತ್ತು ಹೆರಿಗೆ ಸೌಲಭ್ಯದ ಬಗ್ಗೆ. 1928ರ ಮುಂಬೈ ಸಭೆಯ ಚರ್ಚೆ ಹೀಗೆ ದೇಶದ ಮೂಲ ಗ್ರಂಥಕ್ಕೇ ಬಂದು ಸೇರಿತ್ತು.

ಅಷ್ಟರಲ್ಲಿ ಕಾರ್ಮಿಕ ಖಾತೆ ಜಗಜೀವನರಾಮ್ ಅವರ ಕೈಯಲ್ಲಿತ್ತು. 1948ರ ಕಾರ್ಖಾನೆ ಕಾಯ್ದೆ ಅವರ ಕಾಲದ್ದು. ಅಂಬೇಡ್ಕರರು ಆಗ ಕಾನೂನು ಮಂತ್ರಿ. 1951ರಲ್ಲಿ ಅವರು ಮಂತ್ರಿಮಂಡಲ ಬಿಟ್ಟರು, 1956ರ ಅಕ್ಟೋಬರ್‌ನಲ್ಲಿ ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದರು, ಅದೇ ವರ್ಷ ಡಿಸೆಂಬರ್ 6ರಂದು ದೆಹಲಿಯಲ್ಲಿ ತೀರಿಕೊಂಡರು.

ಆದರೆ 39(ಇ), 42 ಎರಡೂ ನಿರ್ದೇಶಕ ತತ್ವಗಳು. ಅವುಗಳನ್ನೇ ಹಿಡಿದು ಕೋರ್ಟಿಗೆ ಹೋಗುವಂತಿಲ್ಲ. ಹಾಗಾದರೆ ಅವು ಬರೀ ಒಳ್ಳೆಯ ಮಾತೇ? ಉತ್ತರ ಸಿಕ್ಕಿದ್ದು ಅವರು ಹೋಗಿ ಸುಮಾರು ನಾಲ್ಕು ದಶಕಗಳಾದ ಮೇಲೆ, ಒಂದು ನಾರಿನ ವಿಷಯದಲ್ಲಿ.

ಕಲ್ಲಿನ ನಾರು

ಈಗ ನೆಲ್ಲಿ ಕೆರ್ಶಾ ಕಡೆ ಬರೋಣ. ಆಕೆ 1924ರಲ್ಲಿ 33ನೇ ವಯಸ್ಸಿಗೇ ತೀರಿಕೊಂಡಳು. ಆ ಕಾಯಿಲೆ ಕಾನೂನಿನ ಪಟ್ಟಿಯಲ್ಲಿ ಇರಲಿಲ್ಲವಾದ್ದರಿಂದ ಪರಿಹಾರ ಸಿಗಲಿಲ್ಲ. 1927ರಲ್ಲಿ ಡಾಕ್ಟರ್ ಕುಕ್ ಆ ಕಾಯಿಲೆಯನ್ನು ಅಸ್ಬೆಸ್ಟೋಸಿಸ್ ಎಂದು ಕರೆದರು. 1930ರಲ್ಲಿ ಮೆರಿವೆದರ್ ಮತ್ತು ಪ್ರೈಸ್ ಎಂಬಿಬ್ಬರು 363 ಕಾರ್ಮಿಕರನ್ನು ಪರೀಕ್ಷಿಸಿದಾಗ 95 ಜನರ ಶ್ವಾಸಕೋಶದಲ್ಲಿ ಅದೇ ಕಾಯಿಲೆ ಕಂಡಿತು. 1931ರಲ್ಲಿ ಬ್ರಿಟನ್ ಕಲ್ನಾರು ಧೂಳಿನ ನಿಯಮ ಮಾಡಿತು. ಅದೇ ದಶಕದಲ್ಲಿ, ಅದೇ ಬ್ರಿಟಿಷರ ಆಳ್ವಿಕೆಯ ಭಾರತದಲ್ಲಿ ಅಸ್ಬೆಸ್ಟಾಸ್ ಸಿಮೆಂಟ್ ಶೀಟಿನ ಕಾರ್ಖಾನೆಗಳು ಶುರುವಾದವು.

ಕಲ್ನಾರು ಎಂಬ ಕನ್ನಡ ಪದ ಎಷ್ಟು ಸರಿಯಾಗಿದೆ ನೋಡಿ. ಕಲ್ಲೂ ಹೌದು, ನಾರೂ ಹೌದು. ಬೆಂಕಿಗೆ ಸುಡುವುದಿಲ್ಲ, ಎಳೆದರೆ ಹರಿಯುವುದಿಲ್ಲ, ಅಗ್ಗ. ಹಾಗಾಗಿ ಬಾಯ್ಲರ್ ಲ್ಯಾಗಿಂಗ್, ಉಗಿ ಪೈಪಿನ ಹೊದಿಕೆ, ಗ್ಯಾಸ್ಕೆಟ್, ಬ್ರೇಕ್ ಲೈನಿಂಗ್, ಚಾವಣಿ ಎಲ್ಲದಕ್ಕೂ ಹೋಯಿತು. ನಮ್ಮ ಕಡೆ ಸಿಮೆಂಟ್ ಪತ್ರಾ, ಉಳಿದ ಕಡೆ ಸಿಮೆಂಟ್ ಶೀಟು. ದನದ ಕೊಟ್ಟಿಗೆಯಿಂದ ವಖಾರಿಯವರೆಗೆ ಅದರ ನೆರಳಿಲ್ಲದ ಊರಿಲ್ಲ.

ಗಟ್ಟಿಯಾಗಿ ಕೂತ ಶೀಟಿನಿಂದ ಅಪಾಯ ಕಡಿಮೆ. ಅದನ್ನು ಕಟಿಂಗ್ ಮಷೀನಿನಿಂದ ಕೊಯ್ದಾಗ, ಡ್ರಿಲ್ ಹೊಡೆದಾಗ, ಒಡೆದು ಗುಡಿಸಿದಾಗ ಕಣ್ಣಿಗೆ ಕಾಣದ ಎಳೆಗಳು ಗಾಳಿಗೆ ಬರುತ್ತವೆ. ಅವು ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗಿ ಕೂರುತ್ತವೆ. ದೇಹದ ರಕ್ಷಕ ಕೋಶಗಳಿಗೆ ಅವನ್ನು ಕರಗಿಸಲು ಆಗುವುದಿಲ್ಲ. ನಿಧಾನಕ್ಕೆ ಶ್ವಾಸಕೋಶ ಗಾಯವಾಗಿ ಗಟ್ಟಿಯಾಗುತ್ತದೆ. ಕ್ಯಾನ್ಸರ್ ಕೂಡ ಬರಬಹುದು. ಮೋಸ ಇರುವುದು ಸಮಯದಲ್ಲಿ. ಇವತ್ತು ಕುಡಿದ ಧೂಳು ಹದಿನೈದರಿಂದ ನಲವತ್ತು ವರ್ಷದ ನಂತರ ಲೆಕ್ಕ ಕೇಳುತ್ತದೆ. ಅಷ್ಟು ಹೊತ್ತಿಗೆ ಕಾರ್ಮಿಕ ಊರಿಗೆ ವಾಪಸ್ ಹೋಗಿರುತ್ತಾನೆ, ಮ್ಯಾನೇಜರ್ ಬದಲಾಗಿರುತ್ತಾನೆ, ಹಾಜರಿ ಪುಸ್ತಕ ಗೆದ್ದಲು ತಿಂದಿರುತ್ತದೆ.

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಹಿಡಿದದ್ದು ಈ ಸಮಯದ ಮೋಸವನ್ನೇ. ಗ್ರಾಹಕ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರ ಹೂಡಿದ್ದ ಮೊಕದ್ದಮೆ ಅದು. ಕಾರ್ಮಿಕನ ಆರೋಗ್ಯದ ಹಕ್ಕು 21ನೇ ಅನುಚ್ಛೇದದ ಬದುಕುವ ಹಕ್ಕಿನೊಳಗೇ ಬರುತ್ತದೆ, 39(ಇ)ಯಂಥ ತತ್ವಗಳ ಜೊತೆ ಸೇರಿಸಿ ಅದನ್ನು ಓದಬೇಕು ಎಂದು ಕೋರ್ಟ್ ಹೇಳಿತು. ಕಲ್ನಾರು ಕಾರ್ಖಾನೆಗಳು ಪ್ರತಿ ಕಾರ್ಮಿಕನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕು. ಎಲ್ಲರಿಗೂ ವಿಮೆ ಇರಬೇಕು. ಕಾಯಿಲೆ ಸಾಬೀತಾದವರಿಗೆ ಒಂದು ಲಕ್ಷ ರೂಪಾಯಿ ಪರಿಹಾರ ಎಂದಿತು. ಅಂಬೇಡ್ಕರರ ಕಾಲದಲ್ಲಿ ಕೋರ್ಟಿನ ಹೊರಗೆ ನಿಂತಿದ್ದ ತತ್ವ ಹೀಗೆ ಬಾಗಿಲು ದಾಟಿ ಒಳಗೆ ಬಂತು.

ಸಹಿ ಯಾರದು?

1984ರ ಭೋಪಾಲ್ ದುರಂತದ ನಂತರ, 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಹಲವು ಕಲಂಗಳು ಸೇರಿದವು. ಅವುಗಳಲ್ಲಿ ಕೆಲವನ್ನು ನಮ್ಮ ವೈವಾದಲ್ಲಿ ಯಾರೂ ಕೇಳುವುದಿಲ್ಲ, ಆದರೆ ಕೇಳಬೇಕಿತ್ತು. 7-ಎ ಪ್ರಕಾರ ಕಾರ್ಮಿಕರ ಸುರಕ್ಷೆ ಕಾರ್ಖಾನೆಯ ಅಧಿಭೋಗದಾರನ, ಅಂದರೆ ಕಾರ್ಖಾನೆಯ ಮೇಲೆ ಅಂತಿಮ ಹಿಡಿತ ಇರುವವನ ಕರ್ತವ್ಯ. 7-ಬಿ ಪ್ರಕಾರ ಯಂತ್ರ, ಸಾಮಗ್ರಿ ವಿನ್ಯಾಸ ಮಾಡುವವರು, ತಯಾರಿಸುವವರು, ಪೂರೈಸುವವರೂ ಹೊಣೆಗಾರರು. 41-ಬಿ ಅಪಾಯದ ಮಾಹಿತಿಯನ್ನು ಕಾರ್ಮಿಕರಿಗೆ ತಿಳಿಸಲೇಬೇಕು ಎನ್ನುತ್ತದೆ, 41-ಸಿ ಆರೋಗ್ಯ ದಾಖಲೆ ಇಡಬೇಕೆನ್ನುತ್ತದೆ, 41-ಎಚ್ ಅಪಾಯ ಕಂಡ ಕಾರ್ಮಿಕನಿಗೆ ಎಚ್ಚರಿಸುವ ಹಕ್ಕು ಕೊಡುತ್ತದೆ. ಕಾಯ್ದೆಯ 104-ಎ ಇನ್ನೂ ಗಟ್ಟಿ: ಮಾಡಲು ಸಾಧ್ಯವಿದ್ದದ್ದನ್ನೆಲ್ಲ ಮಾಡಿದ್ದೆ ಎಂದು ಸಾಬೀತು ಮಾಡುವ ಭಾರ ಕರ್ತವ್ಯ ಇದ್ದವನ ಮೇಲೆ, ಕೆಮ್ಮುವವನ ಮೇಲಲ್ಲ.

ಈಗ ಕಾರ್ಖಾನೆ ಕಾಯ್ದೆ ಸೇರಿದಂತೆ 13 ಕಾಯ್ದೆಗಳ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಕಲಂ ಸಂಖ್ಯೆ ಬದಲಾದರೂ ವಿನ್ಯಾಸಕಾರರ ಹೊಣೆ ಉಳಿದಿದೆ. ವಾಸ್ತುಶಿಲ್ಪಿ ಮತ್ತು ಪ್ರಾಜೆಕ್ಟ್ ಎಂಜಿನಿಯರ್‌ಗಳ ಕರ್ತವ್ಯಕ್ಕೇ ಒಂದು ಪ್ರತ್ಯೇಕ ಕಲಂ ಇದೆ. ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ವಿದ್ಯುತ್ ಬಳಸುವ ಘಟಕ ಕಾರ್ಖಾನೆ ಎನ್ನಿಸಿಕೊಳ್ಳಲು ಮೊದಲು 10 ಕಾರ್ಮಿಕರು ಸಾಕಿತ್ತು, ಈಗ 20 ಬೇಕು. ನಮ್ಮ ಕಡೆಯ ಸಣ್ಣಪುಟ್ಟ ಘಟಕಗಳನ್ನು ಕಣ್ಣಾರೆ ಕಂಡವರಿಗೆ ಆ ಹತ್ತಕ್ಕೂ ಇಪ್ಪತ್ತಕ್ಕೂ ನಡುವೆ ಎಷ್ಟು ಜನ ಇದ್ದಾರೆ ಅಂತ ಗೊತ್ತು.

ಕಲ್ನಾರನ್ನು ಅರವತ್ತಕ್ಕೂ ಹೆಚ್ಚು ದೇಶಗಳು ನಿಷೇಧಿಸಿವೆ. ಬ್ರಿಟನ್ 1999ರಲ್ಲೇ ನಿಷೇಧಿಸಿತು. ನಮ್ಮಲ್ಲಿ ಹೊರದೇಶದಿಂದ ತರಿಸಿದ ಬಿಳಿ ಕಲ್ನಾರಿನಿಂದ ಶೀಟು ಇನ್ನೂ ತಯಾರಾಗುತ್ತಿದೆ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ಉಕ್ಕಿ ನಮ್ಮ ಊರುಗಳಲ್ಲಿ ಮನೆಗಳು ಬಿದ್ದವು. ಬಿದ್ದ ಮನೆಯ ಒಡೆದ ಪತ್ರಾ ಎತ್ತಿ ಹಾಕುವವರಿಗೆ ನೀರು ಚಿಮುಕಿಸಿ ಎತ್ತಿ, ಒಣಗಿದ್ದನ್ನು ಗುಡಿಸಬೇಡಿ, ಕರವಸ್ತ್ರ ಇದಕ್ಕೆ ಸಾಲದು ಎಂದು ಹೇಳುವ ಕೆಲಸ ಯಾರದು? ಅದು ಕಾರ್ಖಾನೆಯಲ್ಲ, ಅಲ್ಲಿ ಅಧಿಭೋಗದಾರನಿಲ್ಲ. ಗೊತ್ತಿದ್ದವರು ಹೇಳಬೇಕು, ಅಷ್ಟೇ. ಈಗ ನಮಗೆ ಗೊತ್ತಾಗಿದೆ.

ಮುಂದಿನ ಸೆಮಿಸ್ಟರ್ ರಜೆಯಲ್ಲಿ ನಮ್ಮಲ್ಲಿ ಹಲವರು ಇಂಟರ್ನ್‌ಶಿಪ್‌ಗೆ ಹೋಗುತ್ತೇವೆ. ಸಕ್ಕರೆ ಕಾರ್ಖಾನೆಯ ಹಳೇ ಉಗಿ ಪೈಪಿನ ಹೊದಿಕೆ ಬಿಚ್ಚುವ ಕೆಲಸವೋ, ಶೆಡ್ಡಿನ ಚಾವಣಿ ಬದಲಿಸುವ ಕೆಲಸವೋ ಎದುರಾದರೆ ಮೂರು ಪ್ರಶ್ನೆ ಕೇಳೋಣ. ಇದರಲ್ಲಿ ಕಲ್ನಾರು ಇದೆಯೇ, ಪರೀಕ್ಷೆ ಮಾಡಿಸಿದ್ದೀರಾ? ಬಿಚ್ಚುವವರಿಗೆ ಅದನ್ನು ಅವರ ಭಾಷೆಯಲ್ಲಿ ತಿಳಿಸಿದ್ದೀರಾ? ಅವರ ಹೆಸರು, ಎದೆಯ ತಪಾಸಣೆಯ ದಾಖಲೆ ಎಲ್ಲಿದೆ? ಹೊಸದಾಗಿ ವಿನ್ಯಾಸ ಮಾಡುವಾಗ ರಾಕ್ ವೂಲ್, ಗ್ಲಾಸ್ ವೂಲ್, ಗ್ರಾಫೈಟ್ ಗ್ಯಾಸ್ಕೆಟ್, ಕಲ್ನಾರು ಇಲ್ಲದ ಶೀಟು ಎಲ್ಲ ಸಿಗುತ್ತವೆ ಎಂಬುದನ್ನೂ ಮರೆಯದಿರೋಣ. ಬೆಲೆ ಸ್ವಲ್ಪ ಹೆಚ್ಚಾದೀತು. ಆ ಹೆಚ್ಚಿನ ಬೆಲೆ ಯಾರು ಕೊಡಬೇಕು ಎಂಬ ಪ್ರಶ್ನೆಗೆ 1928ರಲ್ಲೇ ಅಂಬೇಡ್ಕರರು ಒಂದು ಲೆಕ್ಕ ಇಟ್ಟಿದ್ದಾರೆ: ದುಡಿಮೆಯ ಲಾಭ ಪಡೆಯುವವನು ಅದರ ಹೊಣೆಯಲ್ಲೂ ಪಾಲು ಹೊರಬೇಕು.

ಬರುವ ಏಪ್ರಿಲ್ 14ರಂದು ಫೋಟೋಗೆ ಹಾರ ಹಾಕಿದ ಮೇಲೆ, ಒಮ್ಮೆ ತಲೆ ಎತ್ತಿ ನಮ್ಮ ವರ್ಕ್‌ಶಾಪಿನ ಚಾವಣಿ ನೋಡೋಣ. ಅದು ಯಾವ ಶೀಟು ಅಂತ ಕೇಳುವುದರಿಂದಲೇ ಶುರು ಮಾಡಬಹುದು.